ಕೆಂಪು ತೇಲುದೀಪದ ಬಳಿಯ ಹಾಯಿದೋಣಿ

ಅಕ್ಟೋಬರ್ ೯, ಗುರುವಾರ

ರಾತ್ರಿ ಊಟ ಸೇರಲಿಲ್ಲ.

ಹನ್ನೊಂದು ವರ್ಷದಿಂದ ಬಂದರಿನ ಗೋಪುರದಲ್ಲಿ ರೇಡಾರ್ ಮುಂದೆ ಕೂತು ಹಡಗುಗಳಿಗೆ ದಾರಿ ಹೇಳುತ್ತಿದ್ದೇನೆ. ಹೇಳುವುದಷ್ಟೇ. ಚುಕ್ಕಾಣಿ ನನ್ನ ಕೈಯಲ್ಲಿಲ್ಲ.

ಮಧ್ಯಾಹ್ನ ಸರಕು ಹಡಗುಗಳ ದಾರಿಗೆ ಅಡ್ಡವಾಗಿ, ಆ ದಾರಿಯ ಅಂಚು ತೋರಿಸುವ ಕೆಂಪು ತೇಲುದೀಪದ ಬಳಿ, ಒಂದು ಹಾಯಿದೋಣಿ ಬಂತು. ದುರ್ಬೀನು ಹಿಡಿದರೆ ಕಂದು ಹಾಯಿ, ಅದರ ಮೇಲೊಂದು ತೇಪೆ. ಆ ತೇಪೆ ಹೊಲಿದವಳು ನಾನೇ. ಅಪ್ಪ!

ಕಂಟೇನರ್ ಹಡಗು ನೇರ ಅವರತ್ತಲೇ ಬರುತ್ತಿತ್ತು. ಅದು ನಿಲ್ಲಬೇಕೆಂದರೆ ಎರಡು ಮೈಲಿಯಾದರೂ ಬೇಕು. ಅಪ್ಪನ ದೋಣಿಗೆ ಹೆಸರೂ ಇಲ್ಲ. ರೇಡಿಯೋದಲ್ಲಿ "ಕೆಂಪು ತೇಲುದೀಪದ ಬಳಿಯ ಹಾಯಿದೋಣಿ" ಎಂದು ಐದು ಸಲ ಕರೆದೆ. ಅಷ್ಟು ಹಡಗುಗಳು ಕೇಳುತ್ತಿರುವಾಗ ಅಪ್ಪಾ ಎನ್ನಲು ಬಾಯಿ ಬರಲಿಲ್ಲ. ಉತ್ತರವೂ ಬರಲಿಲ್ಲ. ಕೊನೆಗೆ ಹಡಗಿನವರೇ ನನ್ನ ಮಾತು ಕೇಳಿ ಪಕ್ಕಕ್ಕೆ ತಿರುಗಿಸಿದರು. ಕೂದಲೆಳೆಯಲ್ಲಿ ತಪ್ಪಿತು.

ಸಂಜೆ ಮನೆಗೆ ಬಂದು ಕೂಗಾಡಿದೆ. ಅಪ್ಪ ಒದ್ದೆ ಟೋಪಿ ಹಿಂಡುತ್ತಾ ನಕ್ಕರು.

"ರೇಡಿಯೋ ಹಾಕೇ ಇತ್ತು ಕಣಮ್ಮ. ನಾನು ಅಲ್ಲಿದ್ದೀನಿ ಅಂತ ದೊಡ್ಡ ಹಡಗಿನವರಿಗೆ ಹೇಳ್ತಿದ್ದೀಯ ಅಂದ್ಕೊಂಡೆ. ನನ್ನ ಮಗಳು ಎಷ್ಟು ಗತ್ತಿನಿಂದ ಮಾತಾಡ್ತಾಳೆ ಅಂತ ಕೇಳ್ತಾ ಕೂತ್ಬಿಟ್ಟೆ."

ಇಂಥವರ ಮೇಲೆ ಹೇಗೆ ರೇಗುವುದು? ಇನ್ನು ಆ ಕಡೆ ಹೋಗಬೇಡಿ ಎಂದು ಗೋಗರೆದೆ. ಹೂಂ ಎಂದರು. ಈಗ ಮಲಗುವ ಮುಂಚೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು:

"ಭಾನುವಾರವೂ ನಿಂದೇ ಡ್ಯೂಟಿ ತಾನೇ? ಹಾಗಾದ್ರೆ ಧೈರ್ಯವಾಗಿ ಹೋಗ್ಬಹುದು."