ಕಣದಲ್ಲಿ ಆಡಿದ ಮಾತು

೮ ಜನವರಿ ೧೯೭೭, ಶನಿವಾರ. ಹೊಸನಗರ

ಬೆಳಿಗ್ಗೆ ಮೂವತ್ತೊಂದು ಜನ. ಹುಣ್ಣು ತೊಳೆದು ಕಟ್ಟಿದ್ದು ಹನ್ನೆರಡು. ಬ್ಯಾಂಡೇಜ್ ಮತ್ತೆ ಮುಗಿಯಿತು. ಬಂಗಾರಮ್ಮ ಹಳೇ ಪಂಚೆ ಕುದಿಸಿ ಹರಿಯುತ್ತಿದ್ದಾಳೆ. ಕ್ಲಿನಿಕ್ಕಿನ ಅಡುಗೆಯೂ ಅವಳದೇ, ನನ್ನನ್ನು ಬೈಯುವ ಕೆಲಸವೂ ಅವಳದೇ. ಇವತ್ತು ಊಟಕ್ಕೆ ಕೂತು ಉಪ್ಪು ಕೇಳಲು ಹೋಗಿ ತುಪ್ಪ ಕೇಳಿದೆನಂತೆ.

"ದಿನಾ ತುಪ್ಪ ಎಲ್ಲಿಂದ ತರ್ಲಿ, ಅನ್ನಮ್ಮ?"

ಅನ್ನಾ ಎಂದು ಬಂದವಳು ಎರಡು ವರ್ಷದಲ್ಲಿ ಅನ್ನಮ್ಮ ಆಗಿದ್ದೇನೆ. ನಾಲಗೆ ಮಾತ್ರ ಇನ್ನೂ ಸ್ವಿಸ್.

ಅಮ್ಮನಿಗೆ ಕಾಗದ ಹಾಕಿದೆ. ಎಲ್ಲ ಚೆನ್ನಾಗಿದೆ ಎಂದು. ನಮ್ಮ ಭಾಷೆಯಲ್ಲಿ ಬರೆದರೆ ಯಾಕೋ ಸುಳ್ಳೇ ಬರುತ್ತದೆ. ಅದಕ್ಕೇ ಈ ಪುಸ್ತಕ ಕನ್ನಡದಲ್ಲಿ.

ದುಗ್ಗಮ್ಮ ಇವತ್ತೂ ಬರಲಿಲ್ಲ. ಮೂರನೇ ಶನಿವಾರ.

೧೦ ಜನವರಿ

ದುಗ್ಗಮ್ಮನದೇ ಯೋಚನೆ. ನಗರ ಅನ್ನುವ ಹಳೇ ಕೋಟೆಯೂರಿನ ಆಚೆ ಅವಳ ಹಳ್ಳಿ. ವಯಸ್ಸು ಇಪ್ಪತ್ತೆರಡು, ಎದೆಹಾಲು ಕುಡಿಯುವ ಮಗು. ತೋಳಿನ ಮೇಲೆ ಒಂದೇ ಒಂದು ಮಚ್ಚೆ — ಸೂಜಿ ಚುಚ್ಚಿದರೂ ಗೊತ್ತಾಗದ್ದು. ಕುಷ್ಠದ ಶುರು. ಬಿಡದೆ ಮಾತ್ರೆ ತಿಂದರೆ ವಾಸಿಯಾಗುತ್ತದೆ. ಸಂತೆಗೆ ಹೋಗಿ ಒಣಮೀನು ತರುತ್ತೇನೆಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿ ಬರುತ್ತಿದ್ದಳು.

"ಮನೇಲಿ ಗೊತ್ತಾದ್ರೆ ನನ್ ಕಥೆ ಮುಗೀತು. ನೀವು ಮಾತ್ರ ನಮ್ಮನೆ ಕಡೆ ಬರ್ಬೇಡಿ, ಅಮ್ಮಾ."

ಬರುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆದರೆ ಮಾತ್ರೆ ನಿಂತರೆ?

ನಾಳೆ ಹೋಗುತ್ತೇನೆ ಎಂದೆ. ಬೇಡ, ಕಾಯಿರಿ ಎಂದಳು ಬಂಗಾರಮ್ಮ. ತಪ್ಪಿಸಿಕೊಂಡ ಕುರಿಯನ್ನು ಕುರುಬ ಹುಡುಕಿಕೊಂಡು ಹೋಗುವುದಿಲ್ಲವೇ ಎಂದು ಕೇಳಿದೆ.

"ಆ ಕುರಿಗೆ ಅತ್ತೆ ಇರ್ಲಿಲ್ಲ, ಅನ್ನಮ್ಮ."

೧೧ ಜನವರಿ, ಸಂಜೆ

ಬರೆಯಲೇಬೇಕು.

ನಗರದಲ್ಲಿ ಬಸ್ಸಿಳಿದು, ಕೋಟೆ ದಾಟಿ ಎರಡು ಮೈಲಿ ನಡೆದೆ. ದುಗ್ಗಮ್ಮನ ಮನೆಯ ಕಣದಲ್ಲಿ ಭತ್ತ ಬಡಿಯುತ್ತಿದ್ದರು. ಊರಿನವರೆಲ್ಲ ಅಲ್ಲೇ. ನನ್ನ ಬಿಳಿ ಸೀರೆ, ಕೈಲಿದ್ದ ಔಷಧಿ ಚೀಲ ಕಂಡದ್ದೇ ತಡ — "ಆಪರೇಷನ್ನೋರು ಬಂದ್ರು!" ಗಂಡಸರು ಕಾಡಿಗೆ ಓಡಿದರು. ಹೋದ ವರ್ಷದಿಂದ ಎಲ್ಲ ಕಡೆ ಇದೇ ಭಯ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ಜೀಪಿನಲ್ಲಿ ಹಿಡಿದೊಯ್ಯುತ್ತಾರೆ ಎಂದು. ದುಗ್ಗಮ್ಮನ ಗಂಡ ಹುಲಿಯಪ್ಪ ಹುಲ್ಲಿನ ಬಣವೆಯ ಹಿಂದೆ ಕೂತು ನಡುಗುತ್ತಿದ್ದ. ಅಯ್ಯೋ ಅನ್ನಿಸಿತು. ಕೂಗಿ ಹೇಳಿದೆ.

"ಹೆದರಬೇಡಿ! ನಾನು ಆಪರೇಷನ್ನಿನವಳಲ್ಲ. ಕುಷ್ಠದ ಆಸ್ಪತ್ರೆಯವಳು. ದುಗ್ಗಮ್ಮನನ್ನು ನೋಡಲು ಬಂದೆ."

ಎಷ್ಟು ಸ್ಪಷ್ಟ ಕನ್ನಡ. ಒಂದಕ್ಷರವೂ ತಪ್ಪಲಿಲ್ಲ.

ಅತ್ತೆ ಬೆಳ್ಳಮ್ಮ ಮೊರ ಕೆಳಗಿಟ್ಟು ಎದ್ದರು. ಸೊಸೆಯ ಸೊಂಟದಿಂದ ಮಗುವನ್ನು ತೆಗೆದುಕೊಂಡು ಒಳಗೆ ಹೋದರು. ದುಗ್ಗಮ್ಮ ನನ್ನ ಮುಖ ನೋಡಿದಳು. ಆ ನೋಟ…

೨೨ ಜನವರಿ, ಶನಿವಾರ

ಹನ್ನೊಂದು ದಿನ ಪೆನ್ನು ಮುಟ್ಟಲಿಲ್ಲ.

ಇವತ್ತು ಹುಲಿಯಪ್ಪ ಬಂದ. ಬಾಗಿಲ ಹೊರಗೇ ನಿಂತ.

"ಕೊಟ್ಟಿಗೆ ಪಕ್ಕ ಒಂದು ಗುಡ್ಲು ಹಾಕೀನಿ. ಅವ್ಳು ಅಲ್ಲಿದಾಳೆ. ಮಗು ಅವ್ವನ ಹತ್ರ. ರಾತ್ರಿಯೆಲ್ಲ ಹಾಲಿಗೆ ಅಳ್ತದೆ." ಹೊಸಿಲು ನೋಡುತ್ತಾ ಹೇಳಿದ. "ಅವತ್ತು ನಾನೂ ಕಾಡಿಗೆ ಓಡಿ ಹೋಗಿದ್ರೆ ಚೆನ್ನಾಗಿತ್ತು. ನೀವು ಬಾಯಿ ಬಿಡ್ತಿರ್ಲಿಲ್ಲ."

ಮಾತ್ರೆ ಕೊಟ್ಟೆ. ತೆಗೆದುಕೊಂಡ. ಬೇಡ ಎನ್ನಲಿಲ್ಲ.

"ವಾಸಿ ಆಗ್ತದಾ?"

"ಆಗ್ತದೆ. ಖಂಡಿತ."

ನಮ್ಮ ಕ್ಲಿನಿಕ್ ನಡೆಸುವ ಸಾಗರದ ಪಾದ್ರಿಗಳಿಂದ ಕಾಗದ. ತಿಂಗಳ ವರದಿ ಬಂದಿಲ್ಲವಂತೆ. ಎಷ್ಟು ಜನ ಯೇಸುವಿನ ಸುವಾರ್ತೆ ಕೇಳಿದರು ಎಂದು ಬರೆಯಬೇಕಂತೆ. ನಾನು ಆಡಿದ ಒಂದೇ ಮಾತನ್ನು ಒಂದಿಡೀ ಊರು ಕೇಳಿದೆ.

೨೫ ಜನವರಿ

ಹೋಗಿ ಕ್ಷಮೆ ಕೇಳುತ್ತೇನೆ, ರೋಗದ ವಿಷಯ ಊರಿಗೆಲ್ಲ ತಿಳಿಸಿ ಹೇಳುತ್ತೇನೆ ಎಂದೆ. ಬಂಗಾರಮ್ಮ ಮಸಾಲೆ ಅರೆಯುವುದು ನಿಲ್ಲಿಸಿದಳು.

"ಮಾತಿಗೆ ಹೋಗ್ಬೇಡಿ. ಕೆಲ್ಸಕ್ಕೆ ಹೋಗಿ."

೨೮ ಜನವರಿ

ಹೋದೆ. ಗುಡಿಸಲಿನಲ್ಲಿ ಬಗ್ಗಿ ಕೂರಬೇಕು. ದುಗ್ಗಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎದೆ ಹಾಲು ಕಟ್ಟಿ ಕಲ್ಲಾಗಿತ್ತು, ಮೈ ಸುಡುತ್ತಿತ್ತು. ನೀರು ಬಿಸಿ ಮಾಡಿ ಬಟ್ಟೆ ಅದ್ದಿ ಶಾಖ ಕೊಟ್ಟೆ. ಮೂರು ಗಂಟೆ ಹೊತ್ತು. ಅವಳು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಪ್ರಾರ್ಥನೆ ಕೂಡ ಬಾಯಿಗೆ ಬರಲಿಲ್ಲ.

೪ ಫೆಬ್ರವರಿ

ನಾಲ್ಕನೇ ಸಲ. ಜ್ವರ ಇಳಿದಿದೆ. ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಹುಲಿಯಪ್ಪನನ್ನೂ ಮಗುವನ್ನೂ ಪರೀಕ್ಷೆ ಮಾಡಿದೆ — ಏನೂ ಇಲ್ಲ. ಬೆಳ್ಳಮ್ಮ ಹತ್ತಿರ ಬರಗೊಡಲಿಲ್ಲ. "ನಂಗೆಂತ ಆಗಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಬಾಗಿಲ ಸಂದಿಯಿಂದ ನೋಡುತ್ತಿದ್ದುದು ಮಾತ್ರ ನಿಜ.

ಹೊರಡುವಾಗ ದುಗ್ಗಮ್ಮ ಮೊದಲ ಸಲ ಬಾಯಿ ಬಿಟ್ಟಳು.

"ಸೆರಗು ಎತ್ತಿ ಸಿಕ್ಕಿಸ್ಕಳಿ. ಬೇಲಿ ಹತ್ರ ಮುಳ್ಳಿದೆ."

ದಾರಿಯುದ್ದಕ್ಕೂ ಅಳುತ್ತಲೇ ನಡೆದೆ. ಬಸ್ಸಿನಲ್ಲೂ.

೧೬ ಫೆಬ್ರವರಿ, ಮಧ್ಯಾಹ್ನ

ಕ್ಲಿನಿಕ್ ಇಲ್ಲದ ದಿನ. ಬಂಗಾರಮ್ಮ ಅಕ್ಕಿ ತರಲು ಹೋಗಿದ್ದಳು. ಹಿತ್ತಲ ಬಾಗಿಲಿನಿಂದ ಬೆಳ್ಳಮ್ಮ ಬಂದರು. ಒಬ್ಬರೇ. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಬಲಗೈ ಮೇಜಿನ ಮೇಲಿಟ್ಟರು. ಎರಡು ಬೆರಳು ಸುಟ್ಟು ಬೊಬ್ಬೆ ಒಡೆದಿತ್ತು.

"ಒಲೆ ಮೇಲಿನ ಪಾತ್ರೆ ಇಳಿಸ್ದೆ. ಸುಟ್ಟ ವಾಸ್ನೆ ಬಂದ್ಮೇಲೆ ಗೊತ್ತಾಯ್ತು."

ಬೆನ್ನಲ್ಲೂ ಮಚ್ಚೆಗಳು. ಆರು ವರ್ಷದಿಂದ ಇದೆಯಂತೆ. ಸೊಸೆ ಆ ಮನೆಗೆ ಕಾಲಿಡುವ ಮೊದಲಿನಿಂದ.

"ಅವ್ಳಿಗೆ ನನ್ನಿಂದ್ಲೇ ಬಂತಾ?"

ಸುಳ್ಳು ಹೇಳಬಹುದಿತ್ತು. "ಇರಬಹುದು" ಎಂದೆ. "ಯಾರೂ ಖಚಿತವಾಗಿ ಹೇಳಲಾರರು."

ಬೆರಳು ತೊಳೆದು ಕಟ್ಟಿದೆ. ಆಮೇಲೆ ಕೇಳಿದರು:

"ಮಗು ಯಾರ ಹತ್ರ ಇದ್ರೆ ಒಳ್ಳೇದು? ನನ್ನ ಹತ್ರನಾ, ಅವ್ಳ ಹತ್ರನಾ?"

"ಅವಳ ಹತ್ತಿರ. ಅವಳು ಮಾತ್ರೆ ತಿನ್ನುತ್ತಿದ್ದಾಳೆ."

ತಲೆಯಾಡಿಸಿದರು. ಮಾತ್ರೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾರಿಗೂ ಹೇಳಬಾರದು ಎಂದರು. ಇಲ್ಲ ಎಂದೆ. ಈ ಸಲ ಬಂಗಾರಮ್ಮನಿಗೂ ಇಲ್ಲ.

೨೬ ಫೆಬ್ರವರಿ, ಶನಿವಾರ

ದುಗ್ಗಮ್ಮ ಬಂದಳು! ಸೊಂಟದಲ್ಲಿ ಮಗು. ಮನೆಯೊಳಗೇ ಇದ್ದಾಳೆ. ಅತ್ತೆಯೇ ಗುಡಿಸಲಿಗೆ ಬಂದು ಮಗುವನ್ನು ಮಡಿಲಿಗೆ ಹಾಕಿ, "ನಡಿ ಒಳಗೆ" ಎಂದರಂತೆ.

"ಅವ್ರ ಮನ್ಸು ಹೆಂಗೆ ತಿರುಗ್ತು, ಅನ್ನಮ್ಮ? ನಿಮ್ಮ ದೇವ್ರು ತಿರುಗ್ಸಿದ್ನಾ?"

ವರದಿ ಕೇಳಲು ಬಂದಿದ್ದ ಸಾಗರದ ಪಾದ್ರಿಗಳು ಪಕ್ಕದಲ್ಲೇ ಕೂತಿದ್ದರು. ಪೆನ್ನು ತೆಗೆದರು. ನನ್ನ ಕಡೆ ನೋಡಿದರು. ವರದಿಗೆ ಇದಕ್ಕಿಂತ ಬೇಕೇ?

"ನನಗೆ ಗೊತ್ತಿಲ್ಲ" ಎಂದೆ.

ಪಾದ್ರಿಗಳಿಗೆ ಬೇಸರವಾಯಿತು. ದುಗ್ಗಮ್ಮನಿಗೂ ಸ್ವಲ್ಪ. ಮಗು ನನ್ನ ಸ್ಟೆತಾಸ್ಕೋಪಿನ ತುದಿ ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಬಿಡಿಸಲು ಮನಸ್ಸಾಗಲಿಲ್ಲ.

೫ ಮಾರ್ಚ್, ಶನಿವಾರ

ಊರಲ್ಲಿ ಚುನಾವಣೆ ಜೀಪುಗಳ ಗಲಾಟೆ. ಆದರೂ ಬೆಂಚು ತುಂಬಿತ್ತು.

ಹತ್ತು ಗಂಟೆ ಬಸ್ಸಿಗೆ ದುಗ್ಗಮ್ಮ ಇಳಿದಳು. ಹಿಂದೆ ಬೆಳ್ಳಮ್ಮ. ಹಿತ್ತಲ ಕಡೆ ಹೋಗಲಿಲ್ಲ. ಮುಂಬಾಗಿಲಿನಿಂದಲೇ, ಅಷ್ಟೂ ಜನರ ಎದುರು, ಮೇಜಿನ ಹತ್ತಿರ ಬಂದು ನಿಂತರು. ಸೆರಗಿನ ಮುಚ್ಚುಮರೆ ಇಲ್ಲ. ಸುಟ್ಟ ಕೈಯನ್ನು ಸೊಸೆ ಹಿಡಿದುಕೊಂಡಿದ್ದಳು.

"ಇವ್ಳಿಗೆ ನಾನೇ ಹೇಳ್ದೆ" ಎಂದರು ಬೆಳ್ಳಮ್ಮ. "ಇಬ್ರದ್ದೂ ಚೀಟಿ ಬರಿ, ಅನ್ನಮ್ಮ."

ಬೆಂಚಿನ ಮೇಲಿದ್ದವರು ಸರಿದು ಜಾಗ ಮಾಡಿಕೊಟ್ಟರು. ಎರಡು ಚೀಟಿ ತೆಗೆದೆ. ದುಗ್ಗಮ್ಮನ ಹೆಸರು ಬರೆದೆ. ಬೆಳ್ಳಮ್ಮನ ಹೆಸರು ಬರೆದೆ. ವಯಸ್ಸು ಕೇಳಬೇಕಿತ್ತು. ತಲೆ ಎತ್ತಿದೆ, ಅತ್ತೆ ಸೊಸೆ ಇಬ್ಬರೂ ಹಿಡಿದ ಕೈ ಬಿಡದೆ ಬೆಂಚಿನ ಮೇಲೆ ಪಕ್ಕಪಕ್ಕ ಕೂತಿದ್ದರು.