ಮೇಲಿನ ಗೆರೆ

ಮಾರ್ಚ್ 3, ಸೋಮವಾರ

ಮೊದಲ ಪೀರಿಯಡ್. ಭೂಗೋಳ, ಎರಡನೇ ವರ್ಷ. ಕೋಲೆತ್ತಿ ಪರ್ವತಶ್ರೇಣಿ ತೋರಿಸಿದೆ. ಕ್ಲಾಸು ನಕ್ಕಿತು. ಯಾರೋ ನಕ್ಷೆಯನ್ನು ಒಂದು ಗೇಣು ಕೆಳಗೆ ತೂಗುಹಾಕಿದ್ದರು. ನನ್ನ ಕೋಲು ಸಮುದ್ರದಲ್ಲಿತ್ತು.

"ಮುಳುಗಿಹೋದ ಪರ್ವತ," ಎಂದೆ. ಇನ್ನೂ ಜೋರಾಗಿ ನಕ್ಕರು. ಜೋಕು ಅಂದುಕೊಂಡರು. ಬೆನ್ನೆಲ್ಲ ಬೆವರು.

ಇಪ್ಪತ್ತಾರು ವರ್ಷದ ಪಾಠ ಬಾಯಲ್ಲಿದೆ, ನಕ್ಷೆ ತೋಳಿನಲ್ಲಿದೆ. ಕಣ್ಣಿನ ನಡುಭಾಗ ಮಾತ್ರ ಹೋಗಿದೆ. ನೇರ ನೋಡಿದ್ದು ಅಳಿಸಿಹೋಗುತ್ತದೆ. ಅಂಚಿನಲ್ಲಿದ್ದದ್ದು ಉಳಿಯುತ್ತದೆ. ಮೆಟ್ಟಿಲು ಇಳಿಯಬಲ್ಲೆ. ಮುಖ, ಅಕ್ಷರ — ಇಲ್ಲ. ಗೊತ್ತಿರುವವರು ಇಬ್ಬರೇ: ಡಾಕ್ಟರು, ಹೆಂಡತಿ.

ಇದನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತೇನೆ. ಪುಟಕ್ಕೆ ಏಳೆಂಟು ಸಾಲು. ತಿರುಗಿ ಓದಲಾರೆ. ಅದೇ ಅನುಕೂಲ.

ಮಾರ್ಚ್ 5, ಬುಧವಾರ

ಕಣ್ಣು, ಕಿವಿ, ಕೈಯ ತೊಂದರೆ ಇರುವ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ದೊಡ್ಡಕ್ಷರದ ಪ್ರಶ್ನೆಪತ್ರಿಕೆ. ನಮ್ಮ ವಿಭಾಗದಲ್ಲಿ ಅದಕ್ಕೆ ಸಹಿ ಹಾಕುವವನು ನಾನು. ಹನ್ನೊಂದು ವರ್ಷದಿಂದ.

ಈ ಸಲ ಒಂದೇ ಅರ್ಜಿ. ಆಫೀಸಿನ ಗುಮಾಸ್ತ ತಂದ — ರಜಾ ಚೀಟಿಗೂ ಎರಡು ಮುದ್ರೆ ಒತ್ತುವವನು, ಅದಕ್ಕೇ ಎಲ್ಲರಿಗೂ ಅವನು ಸೀಲಣ್ಣ.

"ಭೂತಗನ್ನಡಿ ಹುಡುಗಿದು ಸರ್. ಒಂದು ಗಂಟೆ ಜಾಸ್ತಿ ಕೇಳಿದಾಳೆ. ಓದಿ ನೋಡಿ."

"ಇಟ್ಟು ಹೋಗಪ್ಪ."

ಹುಡುಗಿ ಮೂರನೇ ವರ್ಷ. ಹುಟ್ಟಿನಿಂದ ದೃಷ್ಟಿ ಮಂದ. ಪುಸ್ತಕಕ್ಕೆ ಮೂಗು ತಾಗಿಸಿ, ನಡುವೆ ಗಾಜಿಟ್ಟು ಓದುತ್ತಾಳೆ. ಮುಚ್ಚಿಡುವುದಿಲ್ಲ. ನೋಡಿದಾಗೆಲ್ಲ ನನಗೇ ನಾಚಿಕೆಯಾಗುತ್ತದೆ, ಯಾಕೋ.

ಕೊನೆಯ ಪುಟ. ಕೆಳಗಿನ ಅಂಚಿನಿಂದ ನಾಲ್ಕು ಬೆರಳು ಮೇಲೆ ಎರಡು ಗೆರೆ. ಮೇಲಿನದು ಮಂಜೂರು, ಕೆಳಗಿನದು ತಿರಸ್ಕೃತ. ಕೆಳಗಿನದಕ್ಕೆ ನಾನು ಇದುವರೆಗೆ ಪೆನ್ನು ತಾಗಿಸಿಲ್ಲ. ಬೆರಳು ಅಳೆದು, ಮೇಲೆ ಸಹಿ ಹಾಕಿದೆ. ಅರ್ಧ ನಿಮಿಷ.

ಮಾರ್ಚ್ 9, ಭಾನುವಾರ

ಟೆಸ್ಟ್ ಪೇಪರುಗಳ ದಿನ. ಹೆಂಡತಿ ಓದುತ್ತಾಳೆ, ನಾನು ಅಂಕ ಹೇಳುತ್ತೇನೆ, ಅವಳೇ ಬರೆಯುತ್ತಾಳೆ. ನಲವತ್ತೆರಡು ಪೇಪರು. ಓದಿ ಓದಿ ಅವಳ ದನಿ ಒಡೆಯಿತು.

"ರೀ, ನಿಮ್ಮ ಆ ಫಾರಂ ನನಗೂ ಒಂದು ತಂದುಕೊಡಿ. ಅಡುಗೆಗೆ ಒಂದು ಗಂಟೆ ಜಾಸ್ತಿ ಬೇಕು ಅಂತ ಬರೀತೀನಿ."

"ಮಂಜೂರು."

"ಹೇಳ್ಬಿಡಿ ಕಾಲೇಜಲ್ಲಿ. ಎಷ್ಟು ದಿನ ಅಂತ ಹೀಗೆ..."

ಮಾತು ಬದಲಾಯಿಸಿದೆ. ಕಿವಿ ಹೋದ ಕೆಮಿಸ್ಟ್ರಿಯ ಮೇಷ್ಟ್ರು ಕಾಲೇಜನ್ನು ನಂಬಿ ಹೇಳಿಕೊಂಡರು. ರೆಕಾರ್ಡ್ ರೂಮಿಗೆ ಹಾಕಿದರು. ಅಲ್ಲಿ ಕಿಟಕಿ ಇಲ್ಲ. ಹೋಗಿ ಮಾತಾಡಿಸಿದವರೂ ಇಲ್ಲ. ನಾನೂ ಹೋಗಿಲ್ಲ.

ಮಾರ್ಚ್ 10, ಸೋಮವಾರ

ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಹಸಿರು ದುಪ್ಪಟ್ಟಾದಿಂದ ಗುರುತು ಹಿಡಿದೆ.

"ಸರ್, ಯಾಕೆ ರಿಜೆಕ್ಟ್ ಮಾಡಿದ್ರಿ?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಪಕ್ಕದ ಟೇಬಲ್ಲಿನವರು ಪೆನ್ನು ನಿಲ್ಲಿಸಿದ್ದು ಕೇಳಿಸಿತು.

"ಸರ್ಟಿಫಿಕೇಟ್ ಹಳೆಯದು," ಎಂದೆ. ಎಲ್ಲಿಂದ ಬಂತು ಆ ಮಾತು! ನಾನು ಸರ್ಟಿಫಿಕೇಟ್ ನೋಡಿಯೇ ಇಲ್ಲ.

"ಅದು ಶಾಶ್ವತದ್ದು ಸರ್. ಹಳೆಯದಾಗಲ್ಲ."

"ನಿಯಮ ಹಾಗಿದೆಯಮ್ಮ. ಹೊಸದು ತಗೊಂಡು ಬಾ."

ಹೋದಳು. ಚಪ್ಪಲಿಯ ಸದ್ದು ಬಾಗಿಲ ಬಳಿ ಸ್ವಲ್ಪ ನಿಂತಿತ್ತು.

ಸೀಲಣ್ಣನನ್ನು ಕಾರಿಡಾರಿನಲ್ಲಿ ಹಿಡಿದೆ. ಸುಮ್ಮನೆ ಕೇಳುವವನ ಹಾಗೆ ಕೇಳಿದೆ.

"ಈ ವರ್ಷ ಫಾರಂ ಹೊಸದಲ್ವಾ ಸರ್. ತಿರಸ್ಕೃತ ಮೇಲೆ ಬಂದಿದೆ, ಮಂಜೂರು ಕೆಳಗೆ. ನೀವು ಮೇಲೆ ಹಾಕಿದ್ರಿ. ಏನೋ ಕಾರಣ ಇರುತ್ತೆ ಅಂತ ಸೀಲ್ ಒತ್ತಿದೆ."

"ಎರಡಾ?"

"ಮೂರು ಸರ್. ರಿಜೆಕ್ಟ್ ಅಲ್ವಾ."

ಮಾರ್ಚ್ 11, ಮಂಗಳವಾರ

ತಿದ್ದಲು ಆಗುತ್ತದಂತೆ. ಸಹಿ ಹಾಕಿದವರು ತಪ್ಪು ಹೇಗಾಯಿತೆಂದು ರಿಜಿಸ್ಟ್ರಾರಿಗೆ ಬರೆದುಕೊಡಬೇಕಂತೆ. ಹೇಗಾಯಿತೆಂದು.

ಗಡಿಬಿಡಿಯಲ್ಲಾಯಿತು ಎಂದು ಬರೆಯಬಹುದಿತ್ತು — ನಿನ್ನೆ ಬೆಳಿಗ್ಗೆವರೆಗೆ. ಈಗ ಸ್ಟಾಫ್ ರೂಮಿನವರ ಎದುರೇ ಕಾರಣ ಹೇಳಿಯಾಗಿದೆ. ಗಡಿಬಿಡಿಗೆ ಕಾರಣ ಇರುವುದಿಲ್ಲ.

ಹೆಂಡತಿಗೆ ಹೇಳಿದೆ. ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ನಲ್ಲಿ ಹಾಗೇ ಸುರಿಯುತ್ತಿತ್ತು.

"ಆ ಮಗು ಏನು ಮಾಡುತ್ತೆ ರೀ ಈಗ?"

ಪರೀಕ್ಷೆ 24ಕ್ಕೆ.

ಮಾರ್ಚ್ 18, ಮಂಗಳವಾರ

ಬರೆಯಲಿಲ್ಲ ಇಷ್ಟು ದಿನ. ಪೆನ್ನು ಹಿಡಿದರೆ ಬೆರಳು ತಾನಾಗಿ ಅಂಚನ್ನು ಅಳೆಯುತ್ತದೆ.

ಹೊಸ ಸರ್ಟಿಫಿಕೇಟಿಗೆ ಆಸ್ಪತ್ರೆಯಲ್ಲಿ ಹುಡುಗಿಗೆ ಏಪ್ರಿಲ್ 2ರ ದಿನ ಕೊಟ್ಟಿದ್ದಾರೆ. ಪರೀಕ್ಷೆ ಮುಗಿದು ಹೋಗಿರುತ್ತದೆ. ಹೋದ ವರ್ಷ ಬೇರೆ ವಿಭಾಗದ ಒಂದು ಪೇಪರಿಗೆ ಜಾಸ್ತಿ ಸಮಯ ಸಿಗದೆ ಅರ್ಧಕ್ಕೆ ನಿಂತು ಫೇಲಾಗಿದ್ದಳಂತೆ. ಮತ್ತೆ ಫೇಲಾದರೆ ಮನೆಯವರು ಓದು ಬಿಡಿಸುತ್ತಾರೆ. ಇಷ್ಟನ್ನೂ ಅವಳು ಹೇಳಿದ್ದಲ್ಲ — ಮೇಲ್ಮನವಿಯಲ್ಲಿ ಬರೆದಿದ್ದಾಳೆ. ಸೀಲಣ್ಣ ಓದಿ ಹೇಳಿದ. ನಾನು ಕಿಟಕಿ ನೋಡುತ್ತ, ಕನ್ನಡಕ ಒರೆಸುತ್ತ ಕೇಳಿದೆ.

ಗುರುವಾರ ವಿಚಾರಣೆ. ನಾನೂ ಹಾಜರಿರಬೇಕು.

ಎರಡು ಸಲ ರಿಜಿಸ್ಟ್ರಾರ್ ಕೋಣೆಯವರೆಗೆ ಹೋದೆ. ಎರಡು ಸಲವೂ ನೀರು ಕುಡಿದು ವಾಪಸು ಬಂದೆ.

ಮಾರ್ಚ್ 20, ಗುರುವಾರ. ಸಂಜೆ 5

ಉದ್ದನೆಯ ಮೇಜು. ರಿಜಿಸ್ಟ್ರಾರು ಆ ತುದಿ. ಹುಡುಗಿ ನನ್ನೆದುರು.

ರಿಜಿಸ್ಟ್ರಾರು ಸರಿಸಿದ ಕಾಗದವೊಂದು ಜಾರಿ ನನ್ನ ಕೈಗೆ ಬಂತು. "ಸರ್ಟಿಫಿಕೇಟಲ್ಲಿ ಶಾಶ್ವತ ಅಂತ ಇದೆ ಅಂತಾಳೆ ಈ ಹುಡುಗಿ. ನೀವು ಹಳೆಯದು ಅಂದಿದ್ದೀರಿ. ಓದಿ ಹೇಳಿ ಮೇಷ್ಟ್ರೇ, ಏನಿದೆ ಅಂತ."

"ಬೇರೆ ಕನ್ನಡಕ ತಂದುಬಿಟ್ಟಿದೀನಿ." ಮೂರು ವರ್ಷದಿಂದ ಕಾಪಾಡಿದ ಮಾತು.

"ಅಷ್ಟೇ ತಾನೆ? ನನ್ನದು ತಗೊಳ್ಳಿ."

ಅವರ ಕನ್ನಡಕ ಮೇಜಿನ ಮೇಲೆ ಕೈಯಿಂದ ಕೈಗೆ ಬಂತು. ಹಾಕಿಕೊಂಡೆ. ಬೆಚ್ಚಗಿತ್ತು. ಕಾಗದದ ನಡುವೆ ಬೂದಿ ಬಣ್ಣದ ಮಚ್ಚೆ. ಓರೆ ಮಾಡಿದೆ. ಕಿವಿಯತ್ತ ಸರಿಸಿದೆ. ಅಂಚಿನಲ್ಲಿ ಏನೋ ಇರುವೆಸಾಲು. ಫ್ಯಾನು ತಿರುಗುತ್ತಿತ್ತು.

ಹಸಿರು ದುಪ್ಪಟ್ಟಾ ಅಲುಗಿತು. ಕಾಗದವನ್ನು ಹಾಗೆ ಓರೆ ಹಿಡಿಯುವವರನ್ನು ಅವಳು ಬಲ್ಲಳು. ಆ ಕೋಣೆಯಲ್ಲಿ ಅವಳೊಬ್ಬಳೇ ಬಲ್ಲಳು.

"ಸರ್..." ಮೆಲ್ಲಗೆ. "ನಾನು ಓದ್ಲಾ?"

ಬೇಡ ಅನ್ನಬಹುದಿತ್ತು. ತಲೆನೋವು ಅನ್ನಬಹುದಿತ್ತು. ಇನ್ನೂ ಎಷ್ಟೋ ಮಾತು ಇದ್ದವು.

"ಓದಮ್ಮ. ನನಗೆ ಕಾಣಲ್ಲ. ಆವತ್ತೂ ಕಾಣಲಿಲ್ಲ. ಮೇಲಿನ ಗೆರೆ ಮಂಜೂರು ಅಂತ ನೆನಪಿನ ಮೇಲೆ ಸಹಿ ಹಾಕಿದೆ."

ಅವಳು ಗಾಜಿಟ್ಟು ಓದಿದಳು. ಪೂರ್ತಿ, ಮುದ್ರೆಯ ಅಕ್ಷರಗಳನ್ನೂ ಬಿಡದೆ.

ಒಂದು ಗಂಟೆ ಅಲ್ಲೇ ಮಂಜೂರಾಯಿತು. ರಿಜಿಸ್ಟ್ರಾರು ನನ್ನ ಕೈಹಿಡಿದು ಬಾಗಿಲವರೆಗೆ ಬಿಟ್ಟರು. "ನಿಧಾನ, ಹೊಸಿಲಿದೆ" ಎಂದರು. ಹನ್ನೊಂದು ವರ್ಷದಿಂದ ದಾಟುತ್ತ ಬಂದ ಹೊಸಿಲು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮಾರ್ಚ್ 24, ಸೋಮವಾರ. ಪರೀಕ್ಷಾ ಹಾಲಿನ ಹೊರಗೆ, ಬೆಂಚು

ಇಂದು ನನಗೆ ಪಾಠವಿಲ್ಲ. ಮೇಲ್ವಿಚಾರಣೆಯಿಂದಲೂ ತೆಗೆದಿದ್ದಾರೆ. ಯಾರೂ ಹೇಳಲಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲವಂತೆ.

ಸೀಲಣ್ಣ ಲಕೋಟೆ ತಂದುಕೊಟ್ಟ. ರಿಜಿಸ್ಟ್ರಾರ್ ಆಫೀಸಿನದು. ತೆಳ್ಳಗಿದೆ. ಒಂದೇ ಹಾಳೆ ಇರಬೇಕು.

"ಓದಿ ಹೇಳ್ಲಾ ಸರ್?"

"ಏನಿದೆ ಅಂತ ನಿನಗೆ ಗೊತ್ತಾ?"

"ಸೀಲ್ ನಾನು ಒತ್ತಿದ್ದಲ್ಲ ಸರ್ ಇದು," ಎಂದ.

"ಇರಲಿ. ಪರೀಕ್ಷೆ ಮುಗೀಲಿ."

ಕಾರಿಡಾರಿನ ಕೊನೆಗೆ ರೆಕಾರ್ಡ್ ರೂಮು. ಬಾಗಿಲು ಅರ್ಧ ತೆರೆದಿದೆ. ಒಳಗೆ ಕುರ್ಚಿ ಎಳೆದ ಸದ್ದು. ಕೆಮಿಸ್ಟ್ರಿಯವರಿಗೆ ಆ ಸದ್ದು ಕೇಳಿಸುವುದಿಲ್ಲ.

ಬೆಲ್ ಹೊಡೆಯಿತು. ಎಲ್ಲ ಹೊರಗೆ ಬರುತ್ತಿದ್ದಾರೆ — ಚಪ್ಪಲಿ, ನಗು, ಹತ್ತನೇ ಪ್ರಶ್ನೆ ಎಷ್ಟು ಕಷ್ಟವಿತ್ತೆಂಬ ಬೈಗುಳ. ಹಸಿರು ದುಪ್ಪಟ್ಟಾ ಇಲ್ಲ. ಒಳಗೇ ಇದ್ದಾಳೆ. ಗಾಜನ್ನು ಡೆಸ್ಕಿನ ಮೇಲೆ ಇಟ್ಟು ಎತ್ತುವ ಟಕ್ ಟಕ್ ಕೇಳುತ್ತಿದೆ.

ಅವಳಿಗೆ ಇನ್ನೂ ಒಂದು ಗಂಟೆ ಇದೆ. ಲಕೋಟೆ ತೊಡೆಯ ಮೇಲಿದೆ. ನನಗೂ ಅಷ್ಟೇ ಸಮಯ ಇದೆ.