ನೆಟ್ಟಗಾದ ವ್ಯಾನು

ರೀ,

ನೀವು ನಿಮ್ಮ ಅಕ್ಕನ ಮನೆಗೆ ಹೊರಟಿದ್ದೇ ತಡ, ನಾವು ಒಳಗೇ ಉಂಡು ಮಲಗಿ ಊರೂರು ಸುತ್ತುವ ಹಳೇ ವ್ಯಾನನ್ನು ಗ್ಯಾರೇಜಿಗೆ ಒಯ್ದೆ. ಹಿಂದೆ ಎಡಗಡೆಯ ಸ್ಪ್ರಿಂಗ್ ಪಟ್ಟಿಗಳಲ್ಲಿ ಎರಡು ಮುರಿದಿದ್ದವು, ಹೊಸದು ಹಾಕಿಸಿದೆ. "ಇಷ್ಟು ವಾಲಿದ್ದನ್ನ ಹೇಗೆ ಓಡಿಸಿದ್ರಿ?" ಅಂದ ಮೆಕ್ಯಾನಿಕ್. ಬಲಗಡೆ ನೀರಿನ ಕ್ಯಾನ್ ಇಟ್ಟು ಸರಿತೂಗಿಸುವ ನಿಮ್ಮ ವಿದ್ಯೆಯನ್ನು ಹೇಳಿ ಮರ್ಯಾದೆ ಕಳೆಯಲಿಲ್ಲ.

ಈಗ ಕಪಾಟಿನ ಬಾಗಿಲು ತಾನಾಗಿ ತೆರೆಯುವುದಿಲ್ಲ. ಮಲಗಿದರೆ ನಿಮ್ಮ ಮೇಲೆ ಉರುಳುತ್ತೇನೆ ಅಂತ ಗೊಣಗುತ್ತಿದ್ದಿರಲ್ಲ, ಇನ್ನು ಆ ತಾಪತ್ರಯವೂ ಇಲ್ಲ. ನಿನ್ನೆ ಮಧ್ಯಾಹ್ನ ಮಲಗಿ ನೋಡಿದೆ. ಹಾಸಿಗೆ ಮಟ್ಟಸವಾಗಿದೆ, ನಿದ್ದೆ ಮಾತ್ರ ಹತ್ತಲಿಲ್ಲ.

ಅತ್ತಿಗೆಯ ಕಣ್ಣಿನ ಕಟ್ಟು ಬಿಚ್ಚಿದ ಮೇಲೇ ಬನ್ನಿ, ಅವಸರವಿಲ್ಲ. ಒಲೆ ವಾಲದಂತೆ ಕೆಳಗಿಡುತ್ತಿದ್ದ ಮರದ ತುಂಡನ್ನು ಎಸೆದಿಲ್ಲ. ಬಂದಾಗ ಅದನ್ನು ಹಾಸಿಗೆಯ ಕೆಳಗೆ, ನನ್ನ ಕಡೆಗೆ ಇಟ್ಟುಕೊಡಿ.

ಇಂತಿ,
ನಿಮ್ಮ ಬಲಗಡೆಯವಳು